ಹರಳನ್ನು 45 ಡಿಗ್ರಿ ತಪ್ಪಾಗಿ ಕತ್ತರಿಸಿದ್ದೆ: ಒಂದು ಕೋಬಾಲ್ಟ್ ಹರಳಿನ ಕೆಲಸದ ಡೈರಿ

ಕೆಲಸ ಪೂರ್ತಿ ಮುಗಿದಿಲ್ಲ. ಆದರೆ ಬರೆದಿಡುವಷ್ಟು ದೂರ ಬಂದಿದ್ದೇನೆ. ಈಗ ಬರೆಯದಿದ್ದರೆ ಯಾವ ತಪ್ಪು ಯಾವಾಗ ಮಾಡಿದೆ ಅನ್ನೋದೇ ಮರೆತುಹೋಗುತ್ತದೆ.

ಮಾಡಬೇಕಾಗಿದ್ದದ್ದು ಇಷ್ಟು. ಬೇರಿಯಂ, ಕಬ್ಬಿಣ, ಆರ್ಸೆನಿಕ್ 1:2:2 ಲೆಕ್ಕದಲ್ಲಿ ಸೇರಿದ ಹರಳು ಬೆಳೆಸಬೇಕು. ಅದರಲ್ಲಿ ನೂರು ಕಬ್ಬಿಣದ ಜಾಗಗಳಲ್ಲಿ 4.7 ಜಾಗಕ್ಕೆ ಕೋಬಾಲ್ಟ್ ಕೂರಬೇಕು. ಆ ಹರಳನ್ನು ಒಂದು ಪಕ್ಕದಿಂದ ಒತ್ತಿ ಹಿಡಿದು ತಣ್ಣಗೆ ಮಾಡುತ್ತಾ, ಒತ್ತಿದ ದಿಕ್ಕಿನಲ್ಲೂ ಅದಕ್ಕೆ ಅಡ್ಡ ದಿಕ್ಕಿನಲ್ಲೂ ರೆಸಿಸ್ಟೆನ್ಸ್ (ಕರೆಂಟಿಗೆ ಹರಳು ಒಡ್ಡುವ ಅಡ್ಡಿ) ಅಳೆಯಬೇಕು.

4.7 ಯಾಕೆ ಅಂದರೆ, ಇದೇ ಪ್ರಮಾಣದ ಹರಳಿನ ಮೇಲೆ ಅಮೆರಿಕದ ಏಮ್ಸ್ (Ames) ಪ್ರಯೋಗಾಲಯದವರು 2009ರಲ್ಲೇ ಎಕ್ಸ್-ರೇ ಮತ್ತು ನ್ಯೂಟ್ರಾನ್ ಅಳತೆ ಮಾಡಿಟ್ಟಿದ್ದಾರೆ. 60 ಕೆಲ್ವಿನ್‌ನಲ್ಲಿ (ಮೈನಸ್ 213 ಡಿಗ್ರಿ ಸೆಲ್ಸಿಯಸ್) ಹರಳಿನೊಳಗೆ ಪರಮಾಣುಗಳು ಕೂತಿರುವ ಚೌಕ ಆಯತವಾಗುತ್ತದೆ. 47ರಲ್ಲಿ ಕಬ್ಬಿಣದ ಪುಟ್ಟ ಅಯಸ್ಕಾಂತಗಳು ಪಟ್ಟೆ ಪಟ್ಟೆಯಾಗಿ ಸಾಲಾಗುತ್ತವೆ. 17ರಲ್ಲಿ ಅತಿವಾಹಕವಾಗುತ್ತದೆ, ಅಂದರೆ ರೆಸಿಸ್ಟೆನ್ಸ್ ಸೊನ್ನೆಯಾಗುತ್ತದೆ. ಅಷ್ಟೇ ಅಲ್ಲ, 17ರ ಕೆಳಗೆ ಹೋದ ಮೇಲೆ ಆ ಕಾಂತೀಯ ಸಾಲು ಸ್ವಲ್ಪ ಸೊರಗುತ್ತದೆ. ಎರಡೂ ಒಂದೇ ಹರಳಿನಲ್ಲಿ ಜಗಳವಾಡಿಕೊಂಡು ಒಟ್ಟಿಗೇ ಇರುತ್ತವೆ. ಮೂರು ಘಟನೆ, ಮೂರೂ ದೂರ ದೂರ. ನಮ್ಮ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಹರಳು ಸಿಗಲಿಕ್ಕಿಲ್ಲ.

ಒತ್ತೋದು ಯಾಕೆ? ಚೌಕ ಆಯತವಾಗುವಾಗ ಹರಳಿನ ಒಂದು ತೇಪೆ ಈ ಕಡೆ ಉದ್ದವಾಗುತ್ತದೆ, ಪಕ್ಕದ್ದು ಆ ಕಡೆ. ಹಾಗಾಗಿ ಸುಮ್ನೆ ಅಳೆದರೆ ಎರಡರ ಸರಾಸರಿ ಸಿಗುತ್ತದೆ. ಒತ್ತಿ ಹಿಡಿದರೆ ಎಲ್ಲ ತೇಪೆಯೂ ಒಂದೇ ಕಡೆ ತಿರುಗುತ್ತವೆ, ಒತ್ತಿದ ದಿಕ್ಕು ಗಿಡ್ಡವಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಗುಂಪು 2010ರಲ್ಲಿ ಹೀಗೆ ಮಾಡಿ ತೋರಿಸಿತ್ತು. ನನಗೆ ಅದೇ ತರಹದ ಒತ್ತುಪಟ್ಟಿ, ಅಂದರೆ ಹರಳನ್ನು ಪಕ್ಕದಿಂದ ಒತ್ತಿ ಹಿಡಿಯುವ ಸಾಧನ ಬೇಕಿತ್ತು.

ಹಂತ 1 (ದಿನ 1ರಿಂದ 9): ಕೊಳವೆ ಸಿಡಿಯಿತು

ಮೊದಲು ಕಬ್ಬಿಣ-ಆರ್ಸೆನಿಕ್ ಪುಡಿ ಮಾಡಿಕೊಳ್ಳಬೇಕು. 2.792 ಗ್ರಾಂ ಕಬ್ಬಿಣದ ಪುಡಿ, 3.746 ಗ್ರಾಂ ಆರ್ಸೆನಿಕ್. ಎರಡನ್ನೂ ಗ್ಲವ್ ಬಾಕ್ಸ್ (ಹೊರಗಿನ ಗಾಳಿ ಸೇರದ ಪೆಟ್ಟಿಗೆ) ಒಳಗೇ ತೂಗಿ, ಕ್ವಾರ್ಟ್ಜ್ ಕೊಳವೆಗೆ ಹಾಕಿ, ಗಾಳಿ ಎಳೆದು, ಬಾಯಿ ಕರಗಿಸಿ ಮುಚ್ಚಿದೆ.

ಸಾಮಾನ್ಯ ಒತ್ತಡದಲ್ಲಿ ಆರ್ಸೆನಿಕ್ ಕರಗುವುದಿಲ್ಲ. 615 ಡಿಗ್ರಿ ಸೆಲ್ಸಿಯಸ್ ಬಳಿ ನೇರ ಆವಿಯಾಗುತ್ತದೆ. ಇದು ಗೊತ್ತಿದ್ದೂ ಗಂಟೆಗೆ 200 ಡಿಗ್ರಿ ಲೆಕ್ಕದಲ್ಲಿ ಸೀದಾ 900ಕ್ಕೆ ಏರಿಸಿದೆ. ಕಬ್ಬಿಣದ ಪುಡಿಯೂ ಸ್ವಲ್ಪ ದಪ್ಪದ್ದೇ ಇತ್ತು. ಕಬ್ಬಿಣ ಆರ್ಸೆನಿಕ್ಕನ್ನು ಹೀರಿಕೊಳ್ಳುವ ಮೊದಲೇ ಆವಿಯ ಒತ್ತಡ ಏರಿತು. ಕುಲುಮೆಯೊಳಗೆ ‘ಟಪ್’ ಅಂತ ಒಂದು ಸದ್ದು. ಅಷ್ಟೇ.

ಕುಲುಮೆ ಇದ್ದದ್ದು ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ. ಅದೊಂದೇ ನಾನು ಸರಿಯಾಗಿ ಮಾಡಿದ್ದ ಕೆಲಸ. ಬಾಗಿಲ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಅದು ಆರ್ಸೆನಿಕ್ ಟ್ರೈಆಕ್ಸೈಡ್, ಅಪ್ಪಟ ವಿಷ. ಹುಡ್ ಮುಚ್ಚಿ, ಬೋರ್ಡ್ ಹಾಕಿ, ಸುರಕ್ಷತೆ ನೋಡಿಕೊಳ್ಳುವವರನ್ನು ಕರೆದೆ. ಒರೆಸಿ ತೆಗೆಯೋಕೆ ಎರಡು ದಿನ ಹಿಡಿಯಿತು. ಒರೆಸಿದ ಕಾಗದವೂ ವಿಷದ ತ್ಯಾಜ್ಯದ ಡಬ್ಬಿಗೇ ಹೋಗಬೇಕು. ಇಂಥ ಹುಡ್, ಇಂಥ ಜನ ಇಲ್ಲದ ಕಡೆ ಈ ಹಂತ ಮುಟ್ಟಲೇಬಾರದು.

ಎರಡನೇ ಸಲ ನುಣ್ಣನೆ ಪುಡಿ ತೆಗೆದುಕೊಂಡೆ. 500 ಡಿಗ್ರಿಯಲ್ಲಿ 10 ಗಂಟೆ ನಿಲ್ಲಿಸಿದೆ, 600ರಲ್ಲಿ ಇನ್ನೊಂದು 10 ಗಂಟೆ. ಆಮೇಲೆ ನಿಧಾನಕ್ಕೆ 900. ಕೊಳವೆಯನ್ನೂ ಮುಕ್ಕಾಲು ಪಾಲು ಖಾಲಿ ಬಿಟ್ಟಿದ್ದೆ. ಬೂದುಬಣ್ಣದ ಗಟ್ಟಿ ಮುದ್ದೆ ಸಿಕ್ಕಿತು. ಕೋಬಾಲ್ಟ್-ಆರ್ಸೆನಿಕ್ ಕೂಡ ಇದೇ ದಾರಿಯಲ್ಲಿ: 1.179 ಗ್ರಾಂ ಕೋಬಾಲ್ಟ್, 1.498 ಗ್ರಾಂ ಆರ್ಸೆನಿಕ್. ಅದರಲ್ಲಿ ತೊಂದರೆ ಬರಲಿಲ್ಲ.

ಹಂತ 2 (ದಿನ 12ರಿಂದ 17): ಮೊದಲ ಹರಳು, ನಿಧಾನವಾದ ಕೈ

ಹರಳು ಬೆಳೆಸೋಕೆ ಬೇರೆ ಲೋಹದ ದ್ರವ ಬೇಡ, ಕಬ್ಬಿಣ-ಆರ್ಸೆನಿಕ್ಕೇ ದ್ರವವಾಗುತ್ತದೆ. ಮೊದಮೊದಲು ಕೆಲವರು ತವರದ ದ್ರವದಲ್ಲಿ ಬೆಳೆಸಿದ್ದರು. ಸ್ವಲ್ಪ ತವರ ಹರಳಿನೊಳಗೇ ಸಿಕ್ಕಿಕೊಂಡು, 135 ಕೆಲ್ವಿನ್ ಬಳಿ ಆಗಬೇಕಾದ ಬದಲಾವಣೆ 85ಕ್ಕೆ ಇಳಿದುಬಿಟ್ಟಿತ್ತು. ಹಾಗಾಗಿ ತವರ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ.

ತೂಕ: ಬೇರಿಯಂ 0.500 ಗ್ರಾಂ, ಕಬ್ಬಿಣ-ಆರ್ಸೆನಿಕ್ 1.815 ಗ್ರಾಂ, ಕೋಬಾಲ್ಟ್-ಆರ್ಸೆನಿಕ್ 0.092 ಗ್ರಾಂ. ಅಂದರೆ ಪರಮಾಣು ಲೆಕ್ಕದಲ್ಲಿ ಒಂದು ಬೇರಿಯಂಗೆ ನಾಲ್ಕು ಪಾಲು ಆರ್ಸೆನೈಡ್ (ಈ ಎರಡು ಆರ್ಸೆನಿಕ್ ಪುಡಿ ಸೇರಿ), ಅದರಲ್ಲಿ ಶೇ. 4.7 ಕೋಬಾಲ್ಟ್. (ಈ ಲೆಕ್ಕದಲ್ಲೇ ತಪ್ಪಿದೆ. ಅದು ಗೊತ್ತಾಗಿದ್ದು ಹಂತ 3ರಲ್ಲಿ.) ಬೇರಿಯಂ ತುಂಡಿನ ಮೇಲಿನ ಬೂದು ಪದರ ಚಾಕುವಿನಿಂದ ಹೊಳಪು ಬರುವವರೆಗೆ ಹೆರೆಯಬೇಕು. ಬೇರಿಯಂ ಕ್ವಾರ್ಟ್ಜನ್ನು ತಿನ್ನುತ್ತದೆ. ಅದಕ್ಕೇ ಅಲ್ಯೂಮಿನಾ (ಬಿಸಿ ತಡೆಯುವ ಪಿಂಗಾಣಿಯಂಥದ್ದು) ಮೂಸೆ. ಅದರ ಮೇಲೆ ಬೋರಲಾಗಿ ಇನ್ನೊಂದು ಮೂಸೆ, ನಡುವೆ ಶೋಧಿಸೋಕೆ ಕ್ವಾರ್ಟ್ಜ್ ಹತ್ತಿ. ಇಡೀ ಜೋಡಿಯನ್ನು ಕೊಳವೆಗಿಟ್ಟು, ಮೂರನೇ ಒಂದು ವಾತಾವರಣದಷ್ಟು ಆರ್ಗಾನ್ ತುಂಬಿ ಮುಚ್ಚಿದೆ.

ಬಿಸಿ: 5 ಗಂಟೆಯಲ್ಲಿ 1180 ಡಿಗ್ರಿ, ಅಲ್ಲಿ 2 ಗಂಟೆ, ಆಮೇಲೆ 36 ಗಂಟೆಯಲ್ಲಿ 1000 ಡಿಗ್ರಿಗೆ ಇಳಿಕೆ. 1200 ದಾಟಿಸಬೇಡಿ, ಕ್ವಾರ್ಟ್ಜ್ ಮೆತ್ತಗಾಗಲು ಶುರುವಾಗುತ್ತದೆ.

1000 ಡಿಗ್ರಿ ಬಂದಾಗ ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ಹೊರಗೆಳೆದು, ತಲೆಕೆಳಗು ಮಾಡಿ, ಸೆಂಟ್ರಿಫ್ಯೂಜ್‌ಗೆ ಇಳಿಸಿ ತಿರುಗಿಸಬೇಕು. ಹರಳು ಕೆಳಗಿನ ಮೂಸೆಯಲ್ಲೇ ಉಳಿದು, ದ್ರವ ಹತ್ತಿಯ ಮೂಲಕ ಬಸಿದುಹೋಗಬೇಕು. ಹೇಳೋಕೆ ಒಂದು ಸಾಲು. ನಿಜದಲ್ಲಿ ಕುಲುಮೆಯಿಂದ ಸೆಂಟ್ರಿಫ್ಯೂಜ್ ನಾಲ್ಕು ಹೆಜ್ಜೆ ದೂರ ಇತ್ತು, ಅದರ ಮುಚ್ಚಳ ಮುಚ್ಚಿತ್ತು, ನನ್ನ ಎಡಗೈಯ ದಪ್ಪ ಗ್ಲವ್ ಮುಚ್ಚಳದ ಚಿಲಕದೊಳಗೆ ತೂರುತ್ತಿರಲಿಲ್ಲ. ಕಿತ್ತಳೆ ಬಣ್ಣದ ಕೊಳವೆ ಕಣ್ಣೆದುರೇ ಕಡುಕೆಂಪಾಯಿತು. ತಿರುಗಿಸುವಷ್ಟರಲ್ಲಿ ಹೆಚ್ಚಿನ ದ್ರವ ಗಟ್ಟಿಯಾಗಿತ್ತು.

ತಣ್ಣಗಾದ ಮೇಲೆ ಒಡೆದು ನೋಡಿದರೆ, ಬೆಳ್ಳಿ ಬಣ್ಣದ ಗಡ್ಡೆಯೊಳಗೆ ಹರಳುಗಳು ಹೂತುಹೋಗಿದ್ದವು. ಬ್ಲೇಡಿನಲ್ಲಿ ಎಬ್ಬಿಸಿ ಐದಾರು ತುಂಡು ತೆಗೆದೆ. ದೊಡ್ಡದು 3 ಮಿ.ಮೀ. ಅಗಲ. ಅಭ್ರಕದ ಹಾಗೆ ಪದರ ಪದರ, ಕನ್ನಡಿಯಂಥ ಹೊಳಪು. ಬೇಜಾರಿನ ನಡುವೆಯೂ ಚೆನ್ನಾಗಿ ಕಂಡಿತು.

ಮುಂದಿನ ಸಲಕ್ಕೆ ಸೆಂಟ್ರಿಫ್ಯೂಜನ್ನು ಕುಲುಮೆಯ ಪಕ್ಕಕ್ಕೇ ಎಳೆದು ತಂದೆ, ಮುಚ್ಚಳ ತೆರೆದೇ ಇಟ್ಟೆ. ತಣ್ಣನೆಯ ಖಾಲಿ ಕೊಳವೆ ಹಿಡಿದು ಇಪ್ಪತ್ತು ಸಲ ಅಭ್ಯಾಸ ಮಾಡಿದೆ. ನೋಡಿದವರು ನಕ್ಕರು. ನಗಲಿ ಬಿಡಿ, 5 ಸೆಕೆಂಡಿಗೆ ಇಳಿಯಿತು.

ಹಂತ 3 (ದಿನ 18ರಿಂದ 27): ಚೀಟಿಯ ಮೇಲಿನ ಸಂಖ್ಯೆ ಹರಳಿನೊಳಗಿಲ್ಲ

ಸಿಕ್ಕ ತುಂಡನ್ನೇ ಎಕ್ಸ್-ರೇಗಿಟ್ಟೆ. ತಾಮ್ರದಿಂದ ಹೊರಡುವ ಎಕ್ಸ್-ರೇಯಲ್ಲಿ ಮೊದಲ ಶಿಖರ 13.6 ಡಿಗ್ರಿಯಲ್ಲಿ, ಅಂದರೆ ಪದರದ ಅಂತರ 6.5 ಆಂಗ್‌ಸ್ಟ್ರಾಮ್. ಸರಿಯಾದ ಹರಳೇ. ಆತುರ ತಡೆಯದೆ ರೆಸಿಸ್ಟೆನ್ಸ್ ಅಳೆದೆ. 60ರಲ್ಲಿ ಬರಬೇಕಾದ ತಿರುವು 85 ಕೆಲ್ವಿನ್ ಆಸುಪಾಸಿನಲ್ಲೇ ಬಂತು. 17ರಲ್ಲಿ ಏನೂ ಇಲ್ಲ. ತೀರಾ ಕೆಳಗೆ ಹೋದಾಗ ಗ್ರಾಫಿನ ಗೆರೆ ಸ್ವಲ್ಪ ತಲೆ ಬಾಗಿಸಿತು, ಸೊನ್ನೆ ಮುಟ್ಟಲಿಲ್ಲ.

ಥರ್ಮಾಮೀಟರ್ ಕೆಟ್ಟಿದೆ ಅಂತ ಮೂರು ದಿನ ಅದನ್ನೇ ಪರೀಕ್ಷಿಸುತ್ತಾ ಕೂತೆ. ಕೆಟ್ಟಿರಲಿಲ್ಲ. ಕೊನೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹರಳಿನ ಧಾತುಗಳ ಪ್ರಮಾಣ ಅಳೆಸಿದೆ. ಕೋಬಾಲ್ಟ್ ಶೇ. 3.5 ಮಾತ್ರ.

ದ್ರವದಲ್ಲಿ ಹಾಕಿದ್ದೆಲ್ಲ ಹರಳಿಗೆ ಹೋಗುವುದಿಲ್ಲ. ಕೋಬಾಲ್ಟ್ ವಿಷಯದಲ್ಲಿ ಹಾಕಿದ್ದರ ಸುಮಾರು 0.74 ಪಾಲು ಮಾತ್ರ ಒಳಗೆ ಕೂರುತ್ತದೆ ಅಂತ 2008ರಲ್ಲೇ ಹರಳು ಬೆಳೆಸಿದವರು ಅಳೆದು ಬರೆದಿದ್ದಾರೆ. ಅದನ್ನು ನಾನು ಓದಿದ್ದೆ ಕೂಡ. ತೂಗುವಾಗ ಮಾತ್ರ ನೆನಪಾಗಲಿಲ್ಲ. 0.047ನ್ನು 0.74ರಿಂದ ಗುಣಿಸಿದರೆ 0.035. ಲೆಕ್ಕ ಪಕ್ಕಾ.

ಹೊಸ ತೂಕ, ಶೇ. 6.4ಕ್ಕೆ: ಬೇರಿಯಂ 0.500, ಕಬ್ಬಿಣ-ಆರ್ಸೆನಿಕ್ 1.783, ಕೋಬಾಲ್ಟ್-ಆರ್ಸೆನಿಕ್ 0.125 ಗ್ರಾಂ. ಈ ಸಲ ಬಸಿದದ್ದೂ ಚೆನ್ನಾಗಿ ಬಂತು. 7 ಮಿ.ಮೀ. ಅಗಲದ ಎರಡು ತಟ್ಟೆ, ಚಿಕ್ಕವು ಹತ್ತಾರು. ಮೂರು ಜಾಗದಲ್ಲಿ ಅಳೆಸಿದೆ: 4.6, 4.7, 4.8. ಅಂದಿನಿಂದ ನನ್ನ ಡಬ್ಬಿಗಳ ಮೇಲೆ ಎರಡು ಸಂಖ್ಯೆ ಇರುತ್ತವೆ, ‘ಹಾಕಿದ್ದು’ ಮತ್ತು ‘ಅಳೆದದ್ದು’.

ಜೊತೆಗೆ ಕೋಬಾಲ್ಟ್ ಇಲ್ಲದ ಒಂದು ಮೂಲ ಹರಳನ್ನೂ ಬೆಳೆಸಿಟ್ಟುಕೊಂಡೆ. ಹೋಲಿಸೋಕೆ ಬೇಕಾಗುತ್ತದೆ.

ಹಂತ 4 (ದಿನ 30ರಿಂದ 38): ತಂತಿ ಅಂಟಿಸೋದು

ತಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿದೆ: ಉದ್ದ 2.0, ಅಗಲ 1.0, ದಪ್ಪ 0.12 ಮಿ.ಮೀ. ಹರಳಿನ ನೇರ ಅಂಚಿಗೆ ಸಮವಾಗಿ ಕತ್ತರಿಸಿದೆ. ಅದೇ ಸುಲಭ, ನೋಡೋಕೂ ಚೆಂದ. ಈ ವಾಕ್ಯ ನೆನಪಿಟ್ಟುಕೊಳ್ಳಿ.

ನಾಲ್ಕು ತಂತಿ, 50 ಮೈಕ್ರಾನ್ ಬೆಳ್ಳಿ. ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಮೊದಲು ಬೆಳ್ಳಿ ಪೇಂಟಿನಿಂದ ಅಂಟಿಸಿದೆ. ಅಂಟಿಸಿದ ಜಾಗದಲ್ಲೇ 40 ಓಮ್. ಹರಳಿನದ್ದು ಕೋಣೆಯ ಉಷ್ಣತೆಯಲ್ಲಿ 23 ಮಿಲಿಓಮ್ ಅಷ್ಟೇ! 1 ಮಿಲಿಆಂಪ್‌ಗೆ 23 ಮೈಕ್ರೋವೋಲ್ಟ್ ಬರುತ್ತದೆ, ಗೆರೆ ತುಂಬ ನಡುಗುತ್ತಿತ್ತು. ಅದಕ್ಕೆ ಜಾಣತನ ಮಾಡಿ ಕರೆಂಟನ್ನು 10 ಮಿಲಿಆಂಪ್‌ಗೆ ಏರಿಸಿದೆ.

ಗೆರೆ ನೆಟ್ಟಗಾಯಿತು. ಸೊನ್ನೆ ಮುಟ್ಟುವ ಉಷ್ಣತೆ ಮಾತ್ರ 17ರ ಬದಲು 15.6 ಅಂತ ತೋರಿಸಿತು. 40 ಓಮ್‌ನಲ್ಲಿ 10 ಮಿಲಿಆಂಪ್ ಹರಿದರೆ 4 ಮಿಲಿವ್ಯಾಟ್ ಶಾಖ. ಥರ್ಮಾಮೀಟರ್ ಇರುವುದು ಕೆಳಗಿನ ತಾಮ್ರದ ಗಟ್ಟಿಯಲ್ಲಿ, ಕಾಯುತ್ತಿದ್ದದ್ದು ಹರಳು. ಕರೆಂಟ್ ಇಳಿಸಿದಾಗ ಆ ಉಷ್ಣತೆ ಮೇಲೆ ಸರಿಯಿತು, ಆಗ ಗೊತ್ತಾಯಿತು. ಮೂರನೇ ಸಲ ತಣ್ಣಗೆ ಮಾಡುವಾಗ ಒಂದು ತಂತಿಯೇ ಕಿತ್ತುಬಂತು.

ಪೇಂಟ್ ಬಿಟ್ಟು ತವರದ ಬೆಸುಗೆಗೆ ಬಂದೆ. ಹರಳಿನ ಮೇಲ್ಪದರವನ್ನು ಟೇಪಿನಿಂದ ಎತ್ತಿ, ಹೊಸ ಹೊಳಪಿನ ಮೇಲೆ ತಕ್ಷಣ ಕೂದಲೆಳೆಯಷ್ಟು ತವರ. ಮೈಕ್ರೋಸ್ಕೋಪಿನ ಕೆಳಗೆ ಕೈ ನಡುಗದೆ ಮಾಡಬೇಕು. ನಾಲ್ಕು ಬೆಸುಗೆಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಆದರೆ ಬೆಸೆದ ಜಾಗದ ರೆಸಿಸ್ಟೆನ್ಸ್ ಒಂದು ಮಿಲಿಓಮ್‌ಗಿಂತ ಕೆಳಗಿಳಿಯಿತು, ಆಮೇಲೆ ಒಂದು ತಂತಿಯೂ ಕಿತ್ತುಬರಲಿಲ್ಲ. ತವರ 3.7 ಕೆಲ್ವಿನ್‌ನಲ್ಲಿ ತಾನೇ ಅತಿವಾಹಕವಾಗುತ್ತದೆ, ಅಲ್ಲಿ ಏನಾದರೂ ಸಣ್ಣ ಜಿಗಿತ ಕಂಡರೆ ಹೊಸ ಆವಿಷ್ಕಾರ ಅಂದುಕೊಳ್ಳಬೇಡಿ.

ಇನ್ನೊಂದು ಚಿಕ್ಕ ತಪ್ಪು: ಹರಳನ್ನು ನೀಲಮಣಿ ತಟ್ಟೆಗೆ ಎಪಾಕ್ಸಿ ಹಾಕಿ ಪೂರ್ತಿ ಅಂಟಿಸಿದ್ದೆ. ತಣ್ಣಗಾಗುವಾಗ ತಟ್ಟೆ, ಹರಳು ಎರಡೂ ಒಂದೇ ಸಮ ಕುಗ್ಗುವುದಿಲ್ಲ. 60ರ ತಿರುವು ಅಗಲವಾಗಿ ಹರಡಿಹೋಯಿತು. ಒಂದು ತುದಿಗೆ ಮಾತ್ರ ಚೂರು ಗ್ರೀಸ್ ಹಚ್ಚಿ ಇಟ್ಟಾಗ ಸರಿಹೋಯಿತು. ಈಗ ಗೆರೆಯ ಇಳಿಜಾರಿನಲ್ಲಿ ಎರಡು ಗುರುತು ಬೇರೆ ಬೇರೆಯಾಗಿ ಕಂಡವು, 61 ಮತ್ತು 48 ಕೆಲ್ವಿನ್. ಸೊನ್ನೆ 16.8ರಲ್ಲಿ.

ಹಂತ 5 (ದಿನ 40ರಿಂದ 44): ಅಯಸ್ಕಾಂತದ ಅಳತೆ, ಉಲ್ಟಾ ಗೆರೆ

ತೀರಾ ಸಣ್ಣ ಕಾಂತತ್ವವನ್ನೂ ಅಳೆಯುವ ಸ್ಕ್ವಿಡ್ ಮ್ಯಾಗ್ನೆಟೋಮೀಟರ್‌ನಲ್ಲಿ ಎರಡು ದಿನ ಸಿಕ್ಕಿತು. ಹರಳನ್ನು ಪ್ಲಾಸ್ಟಿಕ್ ಸ್ಟ್ರಾ ಒಳಗೆ, ತಟ್ಟೆಯ ಮೈ ಕಾಂತಕ್ಷೇತ್ರಕ್ಕೆ ಸಮಾನಾಂತರವಾಗಿ ಇಟ್ಟೆ. ಅಡ್ಡ ಇಟ್ಟರೆ ಆಕಾರದ ತಿದ್ದುಪಡಿ ಜಾಸ್ತಿ, ಸುಮ್ನೆ ತಲೆನೋವು. ಕ್ಷೇತ್ರ ಇಲ್ಲದೆ 5 ಕೆಲ್ವಿನ್‌ಗೆ ಇಳಿಸಿ, 10 ಓರ್ಸ್ಟೆಡ್ ಕ್ಷೇತ್ರ ಹಾಕಿ, ಮೇಲೇರುತ್ತಾ ಅಳೆದೆ.

ಅತಿವಾಹಕ ಕ್ಷೇತ್ರವನ್ನು ಹೊರದಬ್ಬಬೇಕು, ಸಂಖ್ಯೆ ಮೈನಸ್ ಬರಬೇಕು. ನನಗೆ ಬಂದದ್ದು ಪ್ಲಸ್. 17ರವರೆಗೆ ದೊಡ್ಡ ಪ್ಲಸ್, ಆಮೇಲೆ ಸೊನ್ನೆ. ಒಂದು ರಾತ್ರಿ ಪೂರ್ತಿ ಏನೇನೋ ಕನಸು ಕಂಡೆ.

ಬೆಳಿಗ್ಗೆ ಲಾಗ್ ಪುಸ್ತಕ ನೋಡಿದರೆ, ನನಗಿಂತ ಮುಂಚೆ ಯಾರೋ 7 ಟೆಸ್ಲಾವರೆಗೆ (ಅಂದರೆ 70,000 ಓರ್ಸ್ಟೆಡ್) ಹೋಗಿ ಬಂದಿದ್ದರು. ಯಂತ್ರ ಸೊನ್ನೆ ಅಂತ ತೋರಿಸಿದರೂ ಅದರ ಸುರುಳಿಯಲ್ಲಿ ಒಂದಷ್ಟು ಉಲ್ಟಾ ಕ್ಷೇತ್ರ ಉಳಿದಿತ್ತು. ನಾನು ಹಾಕಿದ 10 ಅದನ್ನು ದಾಟಲೇ ಇಲ್ಲ. ಅಂದರೆ ಹರಳು ಸರಿಯಾಗೇ ಹೊರದಬ್ಬುತ್ತಿತ್ತು, ಕ್ಷೇತ್ರವೇ ಉಲ್ಟಾ. ಅದನ್ನು ಪ್ಲಸ್-ಮೈನಸ್ ಆಡಿಸುತ್ತಾ ಸೊನ್ನೆಗೆ ತಂದು ಮತ್ತೆ ಅಳೆದಾಗ ಅಚ್ಚುಕಟ್ಟಾದ ಮೈನಸ್ ಬಂತು, 16.7 ಕೆಲ್ವಿನ್‌ನಿಂದ ಕೆಳಗೆ. ರೆಸಿಸ್ಟೆನ್ಸಿನ ಸಂಖ್ಯೆಗೂ ಇದಕ್ಕೂ ತಾಳೆಯಾಯಿತು.

ದೊಡ್ಡ ಕ್ಷೇತ್ರದ ಅಳತೆಯಲ್ಲಿ 70ರ ಆಸುಪಾಸು ಒಂದು ಸಣ್ಣ ಗಂಟು ಕಂಡಿತು. ಹರಳಿನದ್ದು 61 ಮತ್ತು 48, ಹಾಗಾದರೆ ಇದ್ಯಾವುದು? ಹಿಂಬದಿಯಲ್ಲಿ ಅಂಟಿಕೊಂಡಿದ್ದ ಕಬ್ಬಿಣ-ಆರ್ಸೆನಿಕ್ ಉಳಿಕೆ. ಅದಕ್ಕೂ ಅಲ್ಲೇ ಸುಮಾರು ತನ್ನದೊಂದು ಕಾಂತೀಯ ಬದಲಾವಣೆ ಇದೆ. ಬ್ಲೇಡಿನಿಂದ ಹೆರೆದೆ, ಗಂಟು ಹೋಯಿತು.

ಹಂತ 6 (ದಿನ 47ರಿಂದ 55): ಒತ್ತುಪಟ್ಟಿ

ಮೊದಲ ವಿನ್ಯಾಸ: ಹಿತ್ತಾಳೆಯ ಚೌಕಟ್ಟು, ಒಂದು ಕಡೆ ಗೋಡೆ, ಇನ್ನೊಂದು ಕಡೆಯಿಂದ ಎಂ1.6 ಸ್ಕ್ರೂ ನೇರ ಹರಳಿನ ತುದಿಗೆ. 160 ಕೆಲ್ವಿನ್ ಬಳಿ ರೆಸಿಸ್ಟೆನ್ಸ್ ಜಿಗಿದು ಅನಂತವಾಯಿತು. ಬಿಚ್ಚಿ ನೋಡಿದರೆ ಹರಳು ನಡುವೆ ಸೀಳಿತ್ತು. ಹಿತ್ತಾಳೆ ಹರಳಿಗಿಂತ ಜಾಸ್ತಿ ಕುಗ್ಗುತ್ತದೆ. ವ್ಯತ್ಯಾಸ ಕೆಲವೇ ಮೈಕ್ರಾನ್. ಆದರೆ ನಡುವೆ ಬಾಗುವಂಥದ್ದು ಏನೂ ಇಲ್ಲದಿದ್ದರೆ ಆ ಕೆಲವೇ ಮೈಕ್ರಾನ್ ಪೂರ್ತಿ ಹರಳಿನ ಮೇಲೇ ಬೀಳುತ್ತದೆ.

ಎರಡನೆಯದು: ಸ್ಕ್ರೂ ಮತ್ತು ಹರಳಿನ ನಡುವೆ ಬೆರಿಲಿಯಂ-ತಾಮ್ರದ ಬಾಗುವ ಪಟ್ಟಿ, 8 ಮಿ.ಮೀ. ಉದ್ದ, 3 ಅಗಲ, 0.3 ದಪ್ಪ. ಸಿದ್ಧ ಹಾಳೆಯನ್ನು ಕತ್ತರಿಯಲ್ಲಿ ಕತ್ತರಿಸಿದೆ. ಉಜ್ಜಿ ದೂಳು ಮಾಡಬಾರದು, ಬೆರಿಲಿಯಂ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪಟ್ಟಿಯ ತುದಿಗೆ 100 ಗ್ರಾಂ ತೂಕ ನೇತುಹಾಕಿ ಮೈಕ್ರೋಸ್ಕೋಪಿನಲ್ಲಿ ಅಳೆದೆ. 0.213 ಮಿ.ಮೀ. ಬಾಗಿತು, ಅಂದರೆ ಮಿಲಿಮೀಟರಿಗೆ 4.6 ನ್ಯೂಟನ್. ಕಾಗದದ ಲೆಕ್ಕದಲ್ಲಿ 5 ಬಂದಿತ್ತು. ಪರವಾಗಿಲ್ಲ.

6 ಮೆಗಾಪ್ಯಾಸ್ಕಲ್ ಒತ್ತಡ ಬೇಕು. ಹರಳಿನ ಅಡ್ಡಕೊಯ್ತ 0.12 ಚದರ ಮಿ.ಮೀ. ಬಲ 0.72 ನ್ಯೂಟನ್, ಬಾಗಬೇಕಾದ್ದು 0.157 ಮಿ.ಮೀ. ಸ್ಕ್ರೂ ಒಂದು ಸುತ್ತಿಗೆ 0.35 ಮಿ.ಮೀ. ಮುಂದೆ ಹೋಗುತ್ತದೆ, ಹಾಗಾಗಿ 0.45 ಸುತ್ತು. ಸ್ಕ್ರೂ ತಲೆಗೆ ಒಂದು ಬಿಳಿ ಗುರುತು, ಚೌಕಟ್ಟಿಗೆ ಗಡಿಯಾರದ ಹಾಗೆ ಹನ್ನೆರಡು ಗುರುತು. ಈ ಸಲ 5 ಕೆಲ್ವಿನ್‌ವರೆಗೆ ಹರಳು ಒಡೆಯಲಿಲ್ಲ. ಖುಷಿಯಾಯಿತು.

ಹಂತ 7 (ದಿನ 56ರಿಂದ 83): ಏನೂ ಆಗದ ಒಂದು ತಿಂಗಳು

ಒತ್ತಿ ಅಳೆದೆ. ಒತ್ತದೆ ಅಳೆದೆ. ಎರಡು ಗೆರೆಯೂ ಒಂದರ ಮೇಲೊಂದು ಕೂತವು.

ಒತ್ತಡ ಸಾಲದು ಅಂದುಕೊಂಡೆ. 10 ಮೆಗಾಪ್ಯಾಸ್ಕಲ್. ಅದೇ ಗೆರೆ. ಸ್ಕ್ರೂ ಸಡಿಲ ಇರಬೇಕು ಅಂತ ಹೊಸ ಸ್ಕ್ರೂ. ಅದೇ ಗೆರೆ. ಪಟ್ಟಿ ಹರಳಿನ ತುದಿಗೆ ಪೂರ್ತಿ ತಾಗುತ್ತಿಲ್ಲ ಅಂತ ತುದಿಗಳನ್ನು ಉಜ್ಜಿ ಚಪ್ಪಟೆ ಮಾಡಿದೆ. ಅದೇ ಗೆರೆ. ಪ್ರತಿ ಸಲವೂ ತಣ್ಣಗೆ ಮಾಡಿ ಬಿಸಿ ಮಾಡೋಕೆ ಒಂದೂವರೆ ದಿನ, ಜೊತೆಗೆ ದ್ರವ ಹೀಲಿಯಂ ಖರ್ಚು. ಕೊನೆಗೆ ಸಿಟ್ಟಿಗೆ ಒಂದೂವರೆ ಸುತ್ತು ತಿರುಗಿಸಿದೆ, 20 ಮೆಗಾಪ್ಯಾಸ್ಕಲ್ ಹತ್ತಿರ. ಎರಡನೇ ಹರಳೂ ಹೋಯಿತು.

ಮೂರನೇ ತುಂಡನ್ನು ತಣ್ಣಗೆ ಹಿಡಿದಿಡುವ, ಕಿಟಕಿ ಇರುವ ಕ್ರಯೋಸ್ಟಾಟ್‌ನಲ್ಲಿಟ್ಟು ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ತೇಪೆಗಳು ಇವೆಯೋ ಇಲ್ಲವೋ ಅಂತ ನೋಡೋಣ ಅಂತಷ್ಟೇ. 60ರ ಕೆಳಗೆ ಹೋಗುತ್ತಿದ್ದಂತೆ ಬೂದು ಮೈಯ ಮೇಲೆ ತೆಳ್ಳನೆಯ ಗೆರೆಗಳು ಮೂಡಿದವು. ಒಂದೊಂದು ಪಟ್ಟೆ ಇಪ್ಪತ್ತು ಮೂವತ್ತು ಮೈಕ್ರಾನ್ ಅಗಲ. ಒಂದು ಪಟ್ಟೆ ಕಪ್ಪು, ಒಂದು ಬಿಳಿ. ಬಿಸಿ ಮಾಡಿದರೆ ಅಳಿಸಿಹೋಗುತ್ತಿದ್ದವು, ತಣ್ಣಗಾದರೆ ಮತ್ತೆ ಬರುತ್ತಿದ್ದವು. ಕೆಲಸ ಬಿಟ್ಟು ನಾಲ್ಕೈದು ಸಲ ಸುಮ್ನೆ ಅದನ್ನೇ ನೋಡಿದೆ.

ಆ ಫೋಟೋವನ್ನು ಲ್ಯಾಬಿನ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿ, “ಯಾವ ಕಡೆ ಕತ್ತರಿಸಿದ್ದೀರಿ?” ಅಂದರು.

“ಅಂಚಿಗೆ ನೇರ, ಸರ್.”

“ಪಟ್ಟೆಗಳು ಅಂಚಿಗೆ ನೇರ ಇವೆಯಲ್ರೀ. ಓರೆ ಇರಬೇಕಿತ್ತು.”

ಅಷ್ಟೇ ಸಾಕಾಯಿತು. ಚೌಕ ಆಯತವಾಗುವಾಗ ಹೊಸ ಅಕ್ಷಗಳು ಹಳೆಯ ಚೌಕದ ಬದಿಗಳ ಮೇಲೆ ಬರುವುದಿಲ್ಲ, ಕರ್ಣಗಳ ಮೇಲೆ ಬರುತ್ತವೆ. 45 ಡಿಗ್ರಿ ತಿರುಗಿ. ನಾನು ಚೌಕದ ಬದಿಯ ಉದ್ದಕ್ಕೆ, ಅಂದರೆ ಹರಳಿನ ಭಾಷೆಯಲ್ಲಿ ‘100’ ಅನ್ನುವ ದಿಕ್ಕಿನಲ್ಲಿ ಒತ್ತುತ್ತಿದ್ದೆ. ಆ ಒತ್ತಡ ಎರಡೂ ಬಗೆಯ ತೇಪೆಗೆ ಒಂದೇ ಸಮ. ಯಾವುದೂ ಬಿಟ್ಟುಕೊಡಬೇಕಾಗಿಲ್ಲ. 20 ಅಲ್ಲ, 200 ಮೆಗಾಪ್ಯಾಸ್ಕಲ್ ಹಾಕಿದರೂ ಅಷ್ಟೇ. ತೇಪೆಗಳ ನಡುವಿನ ಗೋಡೆ ಹಳೆಯ ಚೌಕದ ಬದಿಗೆ ಸಮಾನಾಂತರ ಇರುತ್ತದೆ. ಅದಕ್ಕೇ ಫೋಟೋದಲ್ಲಿ ಪಟ್ಟೆಗಳು ಅಂಚಿಗೆ ನೇರ ಕಂಡದ್ದು.

ಹರಳಿನ ದಿಕ್ಕು ತೋರಿಸುವ ಒಂದು ಲಾವೆ ಎಕ್ಸ್-ರೇ ಫೋಟೋ ತೆಗೆದಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ತೆಗೆಯಲಿಲ್ಲ, ಯಾಕೆಂದರೆ ಅಂಚು ಅಷ್ಟು ನೇರ ಇತ್ತು! ಈ ಹಂತದ ಖರ್ಚು: 28 ದಿನ, ಒಂದು ಹರಳು, ಹದಿನಾಲ್ಕು ಸಲದ ಹೀಲಿಯಂ.

ಹಂತ 8 (ದಿನ 85ರಿಂದ 96): ಓರೆಯಾಗಿ

ಉಳಿದ ದೊಡ್ಡ ತಟ್ಟೆಗೆ ಮೊದಲು ಲಾವೆ ಫೋಟೋ. ನೇರ ಅಂಚು 100 ದಿಕ್ಕೇ ಹೌದು. ಅದಕ್ಕೆ 45 ಡಿಗ್ರಿಯಲ್ಲಿ ತಂತಿ ಗರಗಸದಿಂದ ಎರಡು ಪಟ್ಟಿ ಕತ್ತರಿಸಿದೆ, ಎರಡೂ ಒಂದೇ ತಟ್ಟೆಯಿಂದ, ಹಿಂದಿನದೇ ಅಳತೆ. ಬ್ಲೇಡಿನಲ್ಲಿ ಕತ್ತರಿಸಿದರೆ ಈ ದಿಕ್ಕಿನಲ್ಲಿ ಅಂಚು ಚೂರು ಚೂರಾಗುತ್ತದೆ.

ಮೊದಲ ಪಟ್ಟಿಯನ್ನು ಉದ್ದಕ್ಕೆ ಒತ್ತಿದೆ, ಕರೆಂಟೂ ಉದ್ದಕ್ಕೆ. 0.45 ಸುತ್ತು. 90 ಕೆಲ್ವಿನ್ ದಾಟುವ ಮೊದಲೇ ಒತ್ತಿದ ಗೆರೆ ಒತ್ತದ ಗೆರೆಯಿಂದ ಬೇರೆಯಾಗಿ ಮೇಲಕ್ಕೆ ಹೊರಟಿತು. ಕುರ್ಚಿಯಿಂದ ಎದ್ದುಬಿಟ್ಟೆ.

ಎರಡನೇ ಪಟ್ಟಿಯನ್ನು ಅಗಲಕ್ಕೆ ಒತ್ತಬೇಕು, ಕರೆಂಟ್ ಉದ್ದಕ್ಕೆ. ಇಲ್ಲೂ ಒಂದು ತಪ್ಪು ಆಯಿತು. ಮತ್ತೆ 0.45 ಸುತ್ತೇ ಹಾಕಿದೆ. ಆದರೆ ಈಗ ಒತ್ತುವ ಮುಖದ ವಿಸ್ತೀರ್ಣ 0.24 ಚದರ ಮಿ.ಮೀ., ಎರಡರಷ್ಟು. ಒತ್ತಡ 3 ಮೆಗಾಪ್ಯಾಸ್ಕಲ್‌ಗೆ ಇಳಿದಿತ್ತು, ತೇಪೆಗಳು ಅರ್ಧಂಬರ್ಧ ತಿರುಗಿದ್ದವು. 0.9 ಸುತ್ತಿಗೆ ಏರಿಸಿದಾಗ ಗೆರೆ ಪೂರ್ತಿ ಕೆಳಗಿಳಿಯಿತು.

ಎರಡನ್ನೂ ಕೋಣೆಯ ಉಷ್ಣತೆಯ ಬೆಲೆಯಿಂದ ಭಾಗಿಸಿ ಒಂದೇ ಚಿತ್ರದಲ್ಲಿ ಹಾಕಿದೆ. ದಪ್ಪದ ಅಳತೆಯಲ್ಲೇ ಶೇ. 10 ಅನುಮಾನ ಇರುವಾಗ ನೇರ ಸಂಖ್ಯೆ ಹೋಲಿಸಿ ಪ್ರಯೋಜನ ಇಲ್ಲ. 50 ಕೆಲ್ವಿನ್ ಬಳಿ ಗಿಡ್ಡ ದಿಕ್ಕಿನದ್ದು ಉದ್ದ ದಿಕ್ಕಿನದ್ದಕ್ಕಿಂತ 1.6 ಪಟ್ಟು. ಗಿಡ್ಡ ದಿಕ್ಕಿನಲ್ಲಿ ಕಬ್ಬಿಣದ ಪರಮಾಣುಗಳು ಹತ್ತಿರ ಇರುತ್ತವೆ, ಅವುಗಳ ಪುಟ್ಟ ಅಯಸ್ಕಾಂತಗಳೂ ಒಂದೇ ಕಡೆ ಮುಖ ಮಾಡಿರುತ್ತವೆ. ಕರೆಂಟಿಗೆ ಆ ದಾರಿಯೇ ಸಲೀಸು ಅಂತ ಅನಿಸುತ್ತದೆ ಅಲ್ವಾ? ಹರಳು ಹೇಳುವುದು ತದ್ವಿರುದ್ಧ. ಕೋಬಾಲ್ಟ್ ಇಲ್ಲದ ಮೂಲ ಹರಳನ್ನೂ ಹೀಗೇ ಒತ್ತಿ ನೋಡಿದೆ. ಅದರಲ್ಲಿ ಆಯತ ಇದಕ್ಕಿಂತ ಜಾಸ್ತಿ ಎಳೆದಿರುತ್ತದೆ, ಆದರೂ ರೆಸಿಸ್ಟೆನ್ಸಿನ ವ್ಯತ್ಯಾಸ ಕಡಿಮೆಯೇ ಬಂತು.

ಒತ್ತಿದಾಗ 61ರ ಚೂಪಾದ ತಿರುವು ಮಾತ್ರ ಮೊಂಡಾಗುತ್ತದೆ. ಒತ್ತಡವೇ ಚೌಕವನ್ನು ಮುಂಚೆಯೇ ಸ್ವಲ್ಪ ಎಳೆದಿರುವಾಗ, ಬದಲಾವಣೆ ಶುರುವಾದದ್ದು ಎಲ್ಲಿ ಅಂತ ಗೆರೆ ಎಳೆಯೋಕೆ ಆಗುವುದಿಲ್ಲ. 90ರಿಂದಲೇ ಕಾಣುವ ವ್ಯತ್ಯಾಸದಲ್ಲಿ ಹರಳಿನದ್ದೆಷ್ಟು, ನನ್ನ ಸ್ಕ್ರೂವಿನದ್ದೆಷ್ಟು ಅಂತ ಬಿಡಿಸೋಕೆ ಈ ಒತ್ತುಪಟ್ಟಿ ಸಾಲದು. ಹರಳನ್ನು ಪೀಜೋ ಗಟ್ಟಿಯ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವಂಥದ್ದು) ಮೇಲೆ ಅಂಟಿಸಿ, ವೋಲ್ಟೇಜಿನಿಂದ ಚೂರು ಚೂರೇ ಎಳೆದು ಅಳೆಯಬೇಕು. ಅದಕ್ಕೆ ಬೇಕಾದ ಪೀಜೋ ಗಟ್ಟಿ ಆಗಲೇ ಮೇಜಿನ ಮೇಲೆ ಬಂದು ಕೂತಿದೆ.

ಅದಕ್ಕೂ ಮುಂಚೆ ಇನ್ನೊಂದು ಕೆಲಸ ನಡೆದಿದೆ. ಹರಳನ್ನು ಬೆಳೆಸಿದ ಮೇಲೆ 800 ಡಿಗ್ರಿಯಲ್ಲಿ ದಿನಗಟ್ಟಲೆ ಕಾಯಿಸಿಟ್ಟರೆ ಒಳಗಿನ ದೋಷಗಳು ಕಡಿಮೆಯಾಗಿ, ಅತಿವಾಹಕವಾಗುವ ಉಷ್ಣತೆ ಏರುತ್ತದೆ, ಎರಡು ದಿಕ್ಕಿನ ವ್ಯತ್ಯಾಸವೂ ಇಳಿಯುತ್ತದೆ ಅಂತ ಬೇರೆಯವರು ಕಂಡಿದ್ದಾರೆ. ಹಾಗಾದರೆ ನನ್ನ 1.6ರಲ್ಲಿ ದೋಷದ ಪಾಲು ಎಷ್ಟು? ಉಳಿದಿದ್ದ ಕೊನೆಯ ಎರಡು ತುಂಡಲ್ಲಿ ಒಂದನ್ನು ಕೊಳವೆಯಲ್ಲಿ ಮುಚ್ಚಿ ನಿನ್ನೆ ಸಂಜೆ ಕುಲುಮೆಗೆ ಇಟ್ಟಿದ್ದೇನೆ. ಗಂಟೆಗೆ 50 ಡಿಗ್ರಿ ಲೆಕ್ಕದಲ್ಲಿ ಏರಿಸುತ್ತಾ. ಇನ್ನೊಂದು ಡಬ್ಬಿಯಲ್ಲಿದೆ. ಮುಚ್ಚಳದ ಮೇಲೆ ‘ಹಾಕಿದ್ದು 6.4, ಅಳೆದದ್ದು 4.7’ ಅಂತ ಬರೆದಿದೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಓರೆಯಾಗಿ ಒಂದು ಬಾಣದ ಗುರುತು.